ಹಲ್ಲು ಕಟ್ಟಿಸುವ ಮುನ್ನ ಬಾಯಿಯ ಅಳತೆ

ವಯಸ್ಸಾದ ತಂದೆತಾಯಿಗಳಿಗೆ ಹಲ್ಲು ಕಟ್ಟಿಸಿಕೊಟ್ಟ ಮನೆಗಳಲ್ಲಿ ಒಂದು ದೂರು ಆಗಾಗ ಕೇಳಿಬರುತ್ತದೆ. ಹಣ ಖರ್ಚಾಯಿತು, ಸೆಟ್ಟೂ ಬಂದಿತು. ಆದರೆ ಹಿರಿಯರು ಅದನ್ನು ಡಬ್ಬಿಯಲ್ಲಿಟ್ಟು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಯೇ ಉಣ್ಣುತ್ತಾರೆ. ಇಂತಹ ತೊಂದರೆಯ ಮೂಲ ಹಲವು ಸಲ ಹಲ್ಲು ಜೋಡಿಸಿದ ರೀತಿಯಲ್ಲಿ ಇರುವುದಿಲ್ಲ. ಅದಕ್ಕೂ ಮೊದಲು ಬಾಯಿಯ ಅಳತೆ ತೆಗೆದುದರಲ್ಲಿ ಇರುತ್ತದೆ. ಜನರು ಅಳತೆ ಎನ್ನುವುದನ್ನು ವೈದ್ಯರು ಇಂಪ್ರೆಷನ್ ಎನ್ನುತ್ತಾರೆ. ಅಚ್ಚು ಎಂದರೆ ಅರ್ಥ ಇನ್ನೂ ಸ್ಪಷ್ಟ.

ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನೆಯಬಹುದು. ಮರದಲ್ಲಿ ತಗ್ಗಾಗಿ ಕೊರೆದದ್ದು ಸಕ್ಕರೆಯಲ್ಲಿ ಉಬ್ಬಾಗಿ ಮೂಡುತ್ತದೆ. ಹಾಗೆಯೇ ವಸಡಿನ ಉಬ್ಬು ಬಾಯಿಯ ಅಚ್ಚಿನಲ್ಲಿ ತಗ್ಗಾಗುತ್ತದೆ. ಆ ತಗ್ಗಿಗೆ ಜಿಪ್ಸಮ್ಮಿನಿಂದ ಮಾಡಿದ ಪುಡಿಯನ್ನು ಕಲಸಿ ಹೊಯ್ದರೆ ಸುಮಾರು ಒಂದು ಗಂಟೆಯೊಳಗೆ ಗಟ್ಟಿಯಾಗಿ ವಸಡಿನ ಪ್ರತಿರೂಪ ದೊರೆಯುತ್ತದೆ. ಸೆಟ್ಟು ತಯಾರಾಗುವುದು ಇದರ ಮೇಲೆ. ಪ್ರಯೋಗಾಲಯದ ಕುಶಲಕರ್ಮಿ ರೋಗಿಯ ಮುಖವನ್ನೇ ಕಂಡಿರದಿರಬಹುದು. ಅವನ ಪಾಲಿಗೆ ಈ ಗಡ್ಡೆಯೇ ಬಾಯಿ.

ಮೊದಲನೆಯ ಅಚ್ಚಿಗೆ ಹೆಚ್ಚಾಗಿ ಬಳಸುವುದು ಆಲ್ಜಿನೇಟ್ ಎಂಬ ಪುಡಿ. ಇದರ ಮೂಲ ಕಡಲಿನ ಕಂದು ಪಾಚಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿನಿಂದ ಬರುತ್ತಿದ್ದ ಅಗರ್ ನಿಂತುಹೋದಾಗ, ಅದರ ಬದಲಿಗೆ ಇದು ಬಳಕೆಗೆ ಬಂದಿತು. ನೀರಿನಲ್ಲಿ ಕಲಸಿ ಟ್ರೇಯಲ್ಲಿ ತುಂಬಿ ಬಾಯಿಗಿಟ್ಟರೆ ಎರಡು ಮೂರು ನಿಮಿಷಗಳಲ್ಲಿ ರಬ್ಬರಿನಂತಾಗುತ್ತದೆ. ಆ ಹೊತ್ತಿನಲ್ಲಿ ಕೆಲವರಿಗೆ ಓಕರಿಕೆ ಬರುವುದುಂಟು. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ ಮೂಗಿನಿಂದ ನಿಧಾನವಾಗಿ ಉಸಿರಾಡಿದರೆ ಅದು ತಗ್ಗುತ್ತದೆ.

ಆಲ್ಜಿನೇಟ್ ಅಚ್ಚಿನ ಆಯುಸ್ಸು ಬಹಳ ಕಡಿಮೆ. ಗಾಳಿಗಿಟ್ಟರೆ ನೀರು ಆರಿ ಕುಗ್ಗುತ್ತದೆ, ನೀರಿನಲ್ಲಿಟ್ಟರೆ ಹೀರಿ ಉಬ್ಬುತ್ತದೆ. ಆದ್ದರಿಂದ ಅದನ್ನು ತೊಳೆದು, ಸೋಂಕುನಿವಾರಕದಿಂದ ಶುದ್ಧಗೊಳಿಸಿ, ಕೆಲವೇ ನಿಮಿಷಗಳಲ್ಲಿ ಪ್ರತಿರೂಪವನ್ನು ಹೊಯ್ಯಬೇಕು. ತಡವಾಗುವುದಾದರೆ ಒದ್ದೆ ಬಟ್ಟೆ ಸುತ್ತಿ ಮುಚ್ಚಿದ ಚೀಲದಲ್ಲಿ ಸ್ವಲ್ಪ ಹೊತ್ತು ಕಾಯಿಸಬಹುದು. ಸಿಲಿಕೋನಿನ ಕೆಲವು ಬಗೆಗಳು ಮಾತ್ರ ದಿನಗಟ್ಟಲೆ ಅಳತೆ ಕೆಡದೆ ಉಳಿಯುತ್ತವೆ, ಬೆಲೆಯೂ ಹೆಚ್ಚು.

ಪೂರ್ಣ ಸೆಟ್ಟಿಗೆ ಒಂದೇ ಅಚ್ಚು ಸಾಲದು. ಮೊದಲ ಪ್ರತಿರೂಪದ ಮೇಲೆ ಆಯಾ ಬಾಯಿಗೆಂದೇ ಒಂದು ಟ್ರೇ ಸಿದ್ಧಪಡಿಸಿ, ಅದರ ಅಂಚಿಗೆ ಮೆದುವಾಗಿಸಿದ ಮೇಣದಂತಹ ಕಡ್ಡಿಯನ್ನು ಹಚ್ಚಿ, ತುಟಿ ಚಾಚಿರಿ, ನಾಲಗೆ ಹೊರಳಿಸಿರಿ, ಬಾಯಿ ಅಗಲಿಸಿರಿ ಎಂದು ವೈದ್ಯರು ಹೇಳುತ್ತಾರೆ. ಹಿರಿಯರಿಗೆ ಇದು ನಗೆಪಾಟಲೆನಿಸಿ ಸಂಕೋಚದಿಂದ ಅರೆಬರೆ ಮಾಡುವುದುಂಟು. ಕೆನ್ನೆ, ನಾಲಗೆಗಳ ಚಲನೆಯ ಎಲ್ಲೆ ಗುರುತಾಗುವುದು ಇಲ್ಲಿಯೇ. ಎಲ್ಲೆ ಮೀರಿದ ಅಂಚು ಮಾತನಾಡಿದೊಡನೆ ಸೆಟ್ಟನ್ನು ಎತ್ತುತ್ತದೆ, ವಸಡನ್ನು ಹುಣ್ಣಾಗಿಸುತ್ತದೆ. ಅನಂತರದ ಅಂತಿಮ ಅಚ್ಚಿಗೆ ಲವಂಗದ ಎಣ್ಣೆಯ ಸಾರವಿರುವ ಲೇಪವನ್ನು ಹಲವೆಡೆ ಬಳಸುತ್ತಾರೆ. ತುಸು ಉರಿಯುವುದು ಸಹಜ. ಇಷ್ಟಾದರೂ ಕೆಳಗಿನ ಸೆಟ್ಟು ಮೇಲಿನದರಷ್ಟು ಬಿಗಿಯಾಗಿ ಕೂರದು. ಅಂಗುಳದ ಆಸರೆ ಅದಕ್ಕಿಲ್ಲ.

ಊರಿಗೆ ಬಂದ ಮಗ ರಜೆ ಮುಗಿಯುವುದರೊಳಗೆ ಸೆಟ್ಟು ಬೇಕೆಂದು ಅವಸರಿಸುವುದು ಕಡಿಮೆಯೇನಲ್ಲ. ಹಲ್ಲು ಕಿತ್ತ ಮೇಲಿನ ಮೊದಲ ತಿಂಗಳುಗಳಲ್ಲಿ ದವಡೆಯ ಎಲುಬು ಬೇಗ ಸವೆಯುತ್ತದೆ. ಆಗ ತೆಗೆದ ಅಳತೆ ಬಹುಕಾಲ ನಿಲ್ಲದು. ಹಳೆಯ ಸೆಟ್ಟು ಇದ್ದವರು ಅಚ್ಚು ಕೊಡುವ ಹಿಂದಿನ ರಾತ್ರಿಯಾದರೂ ಅದನ್ನು ತೆಗೆದಿಟ್ಟಿರಬೇಕು. ಇಲ್ಲವಾದರೆ ಅದುಮಿದ ವಸಡಿನದೇ ಅಚ್ಚು ಬೀಳುತ್ತದೆ.

ಹಳೆಯ ಅಳತೆ ಇದೆಯಲ್ಲ, ಅದರಿಂದಲೇ ಹೊಸತು ಮಾಡಿಕೊಡಿ ಎಂದು ಕೇಳುವವರೂ ಇದ್ದಾರೆ. ಹೆಸರು, ದಿನಾಂಕ ಬರೆದು ಒಣ ಪೆಟ್ಟಿಗೆಯಲ್ಲಿಟ್ಟರೆ ಪ್ರತಿರೂಪ ವರ್ಷಗಟ್ಟಲೆ ಉಳಿದೀತು. ಆದರೆ ವಸಡು ಹಾಗೆಯೇ ಉಳಿಯುವುದಿಲ್ಲ. ಮಕ್ಕಳ ಹಲ್ಲು ನೇರಗೊಳಿಸುವ ಚಿಕಿತ್ಸೆಯಲ್ಲಿ ಮಾತ್ರ ಹಳೆಯ ಪ್ರತಿರೂಪಕ್ಕೆ ಬೆಲೆಯುಂಟು, ಮೊದಲು ಹೇಗಿತ್ತೆಂದು ಹೋಲಿಸಲು. ಈಗ ಪುಟ್ಟ ಕ್ಯಾಮರಾದಿಂದ ಬಾಯಿಯನ್ನು ಚಿತ್ರಿಸಿ ಕಂಪ್ಯೂಟರಿನಲ್ಲಿ ಕಾಪಿಡುವ ವಿಧಾನವೂ ಬಂದಿದೆ. ಹಲ್ಲಿಲ್ಲದ ಮೆತ್ತನೆಯ ವಸಡಿಗಾದರೆ ಅನೇಕ ವೈದ್ಯರು ಇಂದಿಗೂ ಕೈಯಚ್ಚನ್ನೇ ನಂಬುತ್ತಾರೆ.

ಸಡಿಲವಾದ ಸೆಟ್ಟನ್ನು ಎಸೆಯಬೇಕಾಗಿಲ್ಲ. ಅದನ್ನೇ ಟ್ರೇಯಾಗಿಸಿ ಒಳಗೆ ಹೊಸ ಅಚ್ಚು ತೆಗೆದು ಒಳಪದರ ಕೊಡಿಸಬಹುದು. ಒಡೆದರೆ ಮನೆಯಲ್ಲಿ ಅಂಟು ಹಚ್ಚಬಾರದು. ಚೂರುಗಳು ಓರೆಯಾಗಿ ಅಂಟಿಕೊಂಡರೆ ದುರಸ್ತಿಯೂ ಕಷ್ಟ. ಒಂದು ಚೂರನ್ನೂ ಬಿಡದೆ ಕಾಗದದಲ್ಲಿ ಕಟ್ಟಿ ವೈದ್ಯರಲ್ಲಿಗೆ ಒಯ್ಯಬೇಕು.