ಕ್ವಿಲ್ಸೀನ್ ಹೊಳೆಯ ಕೊಹೊ ಮೀನು

ಮುಂಬಯಿಯ ಹೋಟೆಲುಗಳ ಮೆನುವಿನಲ್ಲಿ ರಾವಸ್ ಮೀನಿಗೆ ‘ಇಂಡಿಯನ್ ಸಾಲ್ಮನ್’ ಎಂದು ಬರೆದಿರುವುದನ್ನು ನೀವೆಲ್ಲ ನೋಡಿರಬಹುದು. ಮೀನುಗಾರರ ಮನೆಯ ಮಗಳಾದ ನಾನು, ಮೇಲಾಗಿ ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳು, ಅದನ್ನೇ ನಂಬಿಕೊಂಡಿದ್ದೆ. ರಾವಸ್‌ಗೂ ಸಾಲ್ಮನ್‌ಗೂ ಬಾದರಾಯಣ ಸಂಬಂಧವೂ ಇಲ್ಲವೆಂದು ತಿಳಿದದ್ದು ಎರಡು ವರ್ಷಗಳ ಹಿಂದೆ, ಅಮೆರಿಕದ ಸಿಯಾಟಲ್ ಬಳಿ ಇರುವ ತಮ್ಮನ ಮನೆಗೆ ಹೋದಾಗ. ನಿಜವಾದ ಸಾಲ್ಮನ್ ಹುಟ್ಟುವುದು ಹೊಳೆಯಲ್ಲಿ, ಬೆಳೆಯುವುದು ಕಡಲಿನಲ್ಲಿ. ಬಸಿರು ತುಂಬಿದ ಮೇಲೆ ಮತ್ತೆ ಹೊಳೆಗೇ ಬರುತ್ತದೆ. ಪೆಸಿಫಿಕ್ ಸಾಗರದ ಆ ಕರಾವಳಿಯಲ್ಲಿ ಇವುಗಳ ಐದು ಜಾತಿಗಳಿವೆ. ನಾನು ಹೇಳಹೊರಟಿರುವುದು ಕೊಹೊ ಎಂಬ ಜಾತಿಯ ಕತೆ. ಬೆಳ್ಳಿಯಂತೆ ಹೊಳೆಯುವುದರಿಂದ ‘ಸಿಲ್ವರ್’ ಎಂದೂ ಕರೆಯುತ್ತಾರೆ.

ಕತೆಗೆ ಮುಂಚೆ ಸ್ವಲ್ಪ ಮನೆಯ ವಿಚಾರ. ನಮ್ಮದು ಮಲ್ಪೆಯ ಕಡೆಯ ಮೊಗವೀರ ಕುಟುಂಬ. ಅಪ್ಪ 1960ರ ದಶಕದಲ್ಲಿ ಮುಂಬಯಿಗೆ ಬಂದು, ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ದಡದಲ್ಲಿ ರಂಪಣಿ ಎಳೆಯುವವರ ಜತೆ ಹಗ್ಗಕ್ಕೆ ಕೈ ಹಾಕದೆ ಬರುತ್ತಿರಲಿಲ್ಲ. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದಾಗ ಅಪ್ಪ ಒಂದು ಮಾತು ಹೇಳಿದ್ದರು: “ಮೀನು ಹಿಡಿಯುವುದು ನನ್ನ ತಲೆಗೇ ಮುಗಿಯಲಿ. ಮಗ ಕಡಲಿಗೆ ಕಾಲಿಡಬಾರದು.” ತಮ್ಮ ಇಂಜಿನಿಯರ್ ಆದ, ಅಮೆರಿಕಕ್ಕೆ ಹೋದ. ಅಪ್ಪ ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಅವನ ಮನೆಯ ಗ್ಯಾರೇಜಿನಲ್ಲಿ ಸಾಲಾಗಿ ನಿಲ್ಲಿಸಿದ್ದ ಆರು ಗಾಳದ ಕೋಲುಗಳನ್ನು ಕಂಡಾಗ ನನಗೆ ಏನು ಹೇಳಬೇಕೆಂದೇ ತೋಚಲಿಲ್ಲ. ಹದಿನೈದು ವರ್ಷದಿಂದ ಮೀನು ಹಿಡಿಯುತ್ತಿದ್ದಾನಂತೆ. ಅಪ್ಪನಿಗೆ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ.

“ಶನಿವಾರ ಬಾ ಅಕ್ಕ, ನೋಡು. ಆಮೇಲೆ ಬೈಯಿ” ಎಂದ.

ಸೆಪ್ಟೆಂಬರ್ ತಿಂಗಳು. ಬೆಳಗಿನ ಜಾವ, ಹೊರಗೆ ಕಗ್ಗತ್ತಲು. ಎಡ್ಮಂಡ್ಸ್ ಎಂಬಲ್ಲಿ ಕಾರನ್ನೇ ದೊಡ್ಡ ಫೆರಿಯೊಳಗೆ ಓಡಿಸಿ, ಅರ್ಧ ಗಂಟೆಯಲ್ಲಿ ಆಚೆ ದಡದ ಕಿಂಗ್‌ಸ್ಟನ್‌ನಲ್ಲಿ ಇಳಿದೆವು. ಅಲ್ಲಿಂದ ಮುಂದೆ ನೀರಿನ ಮೇಲೆ ತೇಲುವ ಸೇತುವೆಯೊಂದನ್ನು ದಾಟಬೇಕು. 1961ರಲ್ಲಿ ಕಟ್ಟಿದ ಆ ಸೇತುವೆಯ ಅರ್ಧ ಭಾಗ 1979ರ ಬಿರುಗಾಳಿಗೆ ಮುಳುಗಿಹೋಗಿತ್ತಂತೆ. ಈ ಮಾಹಿತಿಯನ್ನು ತಮ್ಮ ಸೇತುವೆಯ ನಟ್ಟನಡುವೆ ಇರುವಾಗ ಕೊಟ್ಟ! ಕೆಳಗಿನ ನೀರಿಗೆ ಹುಡ್ ಕೆನಾಲ್ ಎಂದು ಹೆಸರು. ಹೆಸರಿಗೆ ಕಾಲುವೆ, ಆದರೆ ಮನುಷ್ಯರು ತೋಡಿದ್ದಲ್ಲ. ಹಿಮಗಡ್ಡೆಗಳು ನೆಲವನ್ನು ಕೊರೆದ ಹಳ್ಳಕ್ಕೆ ಕಡಲು ನುಗ್ಗಿ ಆದದ್ದು. ಅದರ ಒಂದು ಮೂಲೆಯಲ್ಲಿ ಕ್ವಿಲ್ಸೀನ್ ಎಂಬ ಪುಟ್ಟ ಊರು, ಪುಟ್ಟ ಕೊಲ್ಲಿ, ಪುಟ್ಟ ಹೊಳೆ. ಹೊಳೆಯ ಹೆಸರು ಮಾತ್ರ ‘ದೊಡ್ಡ ಕ್ವಿಲ್ಸೀನ್’. ಒಲಿಂಪಿಕ್ ಬೆಟ್ಟಗಳಿಂದ ಇಳಿದು ಬರುವ ಇದು ನಮ್ಮ ಉದ್ಯಾವರ ಹೊಳೆಯ ಮುಂದೆ ಒಂದು ತೋಡು ಅಷ್ಟೇ. ಕೊಲ್ಲಿಯ ಕಡೆ ಹೋಗುವ ರಸ್ತೆಗೆ ‘ಲಿಂಗರ್ ಲಾಂಗರ್’ ಎಂದು ಹೆಸರು. ಇನ್ನೂ ಸ್ವಲ್ಪ ಹೊತ್ತು ಇರಿ ಎಂದರ್ಥ. ರಸ್ತೆಗೆ ಇಷ್ಟು ಉಪಚಾರದ ಹೆಸರಿಟ್ಟವರನ್ನು ನಾನು ಬೇರೆಲ್ಲೂ ಕಾಣೆ.

ನಾವು ತಲಪಿದಾಗ ನೀರಿನ ಇಳಿತ ಮುಗಿದು ಏರಿಕೆ ಆಗಷ್ಟೇ ಶುರುವಾಗಿತ್ತು. ಅಳಿವೆಯ ಕೆಸರಿನಲ್ಲಿ ಇಪ್ಪತ್ತು ಮೂವತ್ತು ಮಂದಿ ಎದೆಯವರೆಗೆ ಬರುವ ರಬ್ಬರ್ ಉಡುಪು ತೊಟ್ಟು ಸಾಲಾಗಿ ನಿಂತಿದ್ದರು. ಎದುರಿಗೆ ಮೀನುಗಳು ಜಿಗಿಯುತ್ತಿದ್ದವು. ಸುಳ್ಳಲ್ಲ, ಮೊಳದುದ್ದಕ್ಕಿಂತ ಹೆಚ್ಚಿನ ಮೀನುಗಳು ಪೂರ್ತಿ ನೀರಿನಿಂದ ಮೇಲೆದ್ದು, ಅಡ್ಡಡ್ಡ ಬಿದ್ದು, ಮತ್ತೆ ಏಳುತ್ತಿದ್ದವು. ಇಷ್ಟೊಂದು ಮೀನು ಕಣ್ಣೆದುರಿಗೇ ಇರುವಾಗ ಇವರು ಏಕೆ ಹೀಗೆ ಕೊಕ್ಕರೆಯ ಹಾಗೆ ನಿಂತಿದ್ದಾರೆ ಎಂದು ಕೇಳಿದೆ.

ತಮ್ಮ ನಕ್ಕ. ಹೊಳೆಗೆ ಹೊರಟ ಕೊಹೊ ಮೀನಿಗೆ ಹಸಿವೇ ಇರುವುದಿಲ್ಲವಂತೆ. ಸಿಹಿನೀರಿನ ವಾಸನೆ ಮೂಗಿಗೆ ಬಡಿಯುತ್ತಿದ್ದಂತೆ ಮೇವು ನಿಲ್ಲಿಸುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ಉಳಿದ ದಾರಿ. ಹಾಗಾದರೆ ಗಾಳವನ್ನು ಕಚ್ಚುವುದೇಕೆ? ಸಿಟ್ಟಿಗೆ, ಅಥವಾ ಹಳೆಯ ಅಭ್ಯಾಸಕ್ಕೆ. ಮುಖದ ಮುಂದೆ ಏನೋ ಕಿರಿಕಿರಿ ಮಾಡುತ್ತಿದ್ದರೆ ಬಾಯಿ ಹಾಕುತ್ತದೆ. ಅದಕ್ಕೇ ಇಲ್ಲಿನವರು ಎರೆಯ ಬದಲು ಸೀಸದ ತುಂಡಿಗೆ ಬಣ್ಣದ ಗರಿ ಕಟ್ಟಿದ ಗಾಳವನ್ನು ಎಸೆಯುತ್ತಾರೆ. ಅದಕ್ಕೆ ಜಿಗ್ ಎನ್ನುತ್ತಾರೆ. ಎಸೆದು ಸುಮ್ಮನೆ ಎಳೆದರೆ ಆಗದು. ಕೋಲಿನ ತುದಿಯನ್ನು ಫಟ್ಟನೆ ಮೇಲೆತ್ತಿ, ದಾರ ಸಡಿಲ ಬಿಟ್ಟು, ಗರಿ ತಾನಾಗಿ ಮುಳುಗುವಂತೆ ಮಾಡಬೇಕು. ಆ ಮುಳುಗುವ ಗಳಿಗೆಯಲ್ಲೇ ಮೀನು ಕಚ್ಚುವುದು. ಮೊಸರು ಕಡೆಯುವ ಕೈಗೆ ಈ ಲಯ ಸುಲಭ ಎಂದು ನನಗೆ ಅನಿಸಿತು. ಆದರೆ ಪ್ರಯತ್ನಿಸುವಂತಿರಲಿಲ್ಲ, ಲೈಸೆನ್ಸ್ ಇಲ್ಲದವರು ಅಲ್ಲಿ ಗಾಳ ಎಸೆಯುವಂತಿಲ್ಲ.

ಕೊಹೊ ಬದುಕುವುದು ಸುಮಾರು ಮೂರೇ ವರ್ಷ. ಹೆಣ್ಣು ಮೀನು ಹೊಳೆಯ ಜಲ್ಲಿಯನ್ನು ಬಾಲದಿಂದ ಕೆದರಿ ಗುಳಿ ಮಾಡಿ ಮೊಟ್ಟೆ ಇಡುತ್ತದೆ. ಮರಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹೊಳೆಯಲ್ಲೇ ಇದ್ದು, ವಸಂತದಲ್ಲಿ ಕಡಲಿಗಿಳಿಯುತ್ತದೆ. ಅಲ್ಲಿ ಒಂದೂವರೆ ವರ್ಷ ಮೇಯ್ದು ಮೂರ್ನಾಲ್ಕು ಕಿಲೋ ತೂಗುವಷ್ಟಾಗಿ ಹಿಂತಿರುಗುತ್ತದೆ. ಹೊಳೆಗೆ ಬಂದ ಮೇಲೆ ಬೆಳ್ಳಿ ಬಣ್ಣ ಹೋಗಿ ಗಂಡು ಕೆಂಪಾಗುತ್ತದೆ, ಮೂತಿ ಕೊಕ್ಕೆಯಾಗುತ್ತದೆ. ಮೊಟ್ಟೆ ಇಟ್ಟ ಕೆಲವೇ ದಿನಗಳಲ್ಲಿ ಗಂಡು ಹೆಣ್ಣು ಎರಡೂ ಸಾಯುತ್ತವೆ. ಅಷ್ಟು ದೊಡ್ಡ ಸಾಗರದಿಂದ ತನ್ನ ಹೊಳೆಯನ್ನೇ ಹೇಗೆ ಹುಡುಕುತ್ತದೆ? ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ ಎಂಬ ವಿಜ್ಞಾನಿ 1950ರ ದಶಕದಿಂದ ಇದರ ಬೆನ್ನುಹತ್ತಿ, ಮರಿಯಾಗಿದ್ದಾಗ ಮೂಗಿಗೆ ಹತ್ತಿದ ನೀರಿನ ವಾಸನೆಯೇ ಕೊನೆಗೆ ದಾರಿ ತೋರಿಸುತ್ತದೆ ಎಂದು ತೋರಿಸಿಕೊಟ್ಟರು. ಮುಂಬಯಿಯಲ್ಲಿ ಹುಟ್ಟಿದ ನನಗೂ ಮಲ್ಪೆಯ ದಡಕ್ಕೆ ಹೋದರೆ ಒಣಮೀನಿನ ವಾಸನೆಗೆ ಊರು ಬಂತು ಅನ್ನಿಸುವುದುಂಟು. ಓದುಗರು ಮೂಗು ಮುಚ್ಚಿಕೊಳ್ಳಬಾರದು.

ಕ್ವಿಲ್ಸೀನ್‌ಗೆ ಬರುವ ಕೊಹೊಗಳಲ್ಲಿ ಬಹುಪಾಲು ಮಾತ್ರ ಮರಿಕೇಂದ್ರದ ಮಕ್ಕಳು. ಅಳಿವೆಯಿಂದ ಕೆಲವೇ ಮೈಲಿ ಮೇಲೆ 1911ರಲ್ಲಿ ಸ್ಥಾಪನೆಯಾದ ಸರಕಾರಿ ಮೀನು ಮರಿಕೇಂದ್ರವಿದೆ. ಅಲ್ಲಿ ಮೊಟ್ಟೆ ತೆಗೆದು, ಮರಿ ಮಾಡಿ, ಬೆಳೆಸಿ ಹೊಳೆಗೆ ಬಿಡುತ್ತಾರೆ. ಹೀಗೆ ಬಿಟ್ಟು ಬೆಳೆದದ್ದನ್ನೇ ಜನ ಹಿಡಿಯುತ್ತಾರೆ.

ಏಳು ಗಂಟೆಯ ಹೊತ್ತಿಗೆ ತಮ್ಮನ ಕೋಲು ಬಾಗಿತು. ಹತ್ತು ನಿಮಿಷ ಅತ್ತಿಂದಿತ್ತ ಓಡಾಡಿಸಿ ಹತ್ತಿರ ತಂದ. ನೋಡಿದರೆ ಗಾಳ ಸಿಕ್ಕಿರುವುದು ಬಾಯಿಗಲ್ಲ, ಬೆನ್ನಿನ ರೆಕ್ಕೆಗೆ. “ಛೆ” ಎಂದವನೇ ನೀರಿನಲ್ಲೇ ಗಾಳ ಬಿಡಿಸಿ ಬಿಟ್ಟುಬಿಟ್ಟ. ಕಚ್ಚದ ಮೀನನ್ನು ಹೊರಗಿನಿಂದ ಕೊಕ್ಕೆ ಹಾಕಿ ಎಳೆಯುವುದು ಕಳ್ಳತನಕ್ಕೆ ಸಮ ಎಂದು ಅವನ ಲೆಕ್ಕ. ಮೀನು ಕಿಕ್ಕಿರಿದಾಗ ಹಾಗೆ ಬೇಕೆಂದೇ ಎಳೆಯುವವರೂ ಇದ್ದಾರೆ. ಅಂದು ಸಾಲಿನ ಕೊನೆಯಲ್ಲಿ ಇಬ್ಬರು ಅದನ್ನೇ ಮಾಡುತ್ತಿದ್ದರು, ಯಾರೂ ಅವರ ಜತೆ ಮಾತಾಡುತ್ತಿರಲಿಲ್ಲ.

ಎರಡನೆಯದು ಬಾಯಿಗೇ ಸಿಕ್ಕಿತು. ಭಾರವಾದ, ಪಕ್ಕೆಯಲ್ಲಿ ನೇರಳೆ ಪಟ್ಟೆಗಳಿದ್ದ ಮೀನು. ನಾನು ಚೀಲ ಬಿಚ್ಚಿ ಹಿಡಿದೆ. ಅವನು ಅದನ್ನೂ ಬಿಟ್ಟ! ನನಗೆ ನಿಜವಾಗಿ ಸಿಟ್ಟು ಬಂತು.

“ಏನೋ ಇದು, ಕಡಲಮ್ಮ ಕೊಟ್ಟದ್ದನ್ನು ತಿರುಗಿ ಎಸೆಯುವುದೇ? ಅಪ್ಪ ನೋಡಿದ್ದರೆ ಏನು ಹೇಳುತ್ತಿದ್ದರು? ಬೇಡದಿದ್ದರೆ ಹಿಡಿಯುವುದು ಯಾಕೆ? ಇದು ಆಟವಾ?”

“ಅಕ್ಕ, ಅದು ಕೊಹೊ ಅಲ್ಲ, ಚಮ್. ಅದನ್ನು ಮುಟ್ಟುವಂತಿಲ್ಲ” ಎಂದು ಸಮಾಧಾನವಾಗಿ ಹೇಳಿದ.

ಬೇಸಗೆಯ ಕೊನೆಗೆ ಬರುವ ಈ ಚಮ್ ಸಾಲ್ಮನ್, ಕೊಹೊ ಬರುವ ದಿನಗಳಲ್ಲೇ ಅದೇ ಅಳಿವೆಗೆ ಬರುತ್ತದೆ. 1980ರ ದಶಕದ ಕೊನೆಗೆ ದೊಡ್ಡ ಕ್ವಿಲ್ಸೀನಿಗೆ ಹಿಂತಿರುಗುತ್ತಿದ್ದ ಬೇಸಗೆ ಚಮ್‌ಗಳನ್ನು ಬೆರಳಲ್ಲಿ ಎಣಿಸುವಂತಾಗಿತ್ತಂತೆ. ಕೊಹೊ ಹಿಡಿಯುವ ಬಲೆಗಳಲ್ಲಿ ಇವೂ ಸಿಕ್ಕಿ ಸಾಯುತ್ತಿದ್ದುದು ಅದಕ್ಕೊಂದು ಕಾರಣ. 1992ರಿಂದ ಅದೇ ಮರಿಕೇಂದ್ರದಲ್ಲಿ ಅಳಿದುಳಿದ ಚಮ್‌ಗಳ ಮೊಟ್ಟೆ ತೆಗೆದು ಮರಿ ಮಾಡಿ ಬಿಡತೊಡಗಿದರು. 1999ರಲ್ಲಿ ಅಪಾಯದಲ್ಲಿರುವ ಜೀವಿಗಳ ಕಾನೂನಿನಡಿ ಹುಡ್ ಕೆನಾಲಿನ ಬೇಸಗೆ ಚಮ್‌ಗೆ ರಕ್ಷಣೆ ಸಿಕ್ಕಿತು. ಈಗ ಮತ್ತೆ ಹಿಂಡುಹಿಂಡಾಗಿ ಬರುತ್ತವೆ. ಹಿಡಿದವರು ಗುರುತಿಸಿ ಬಿಡಬೇಕು. ಬಿಡಿಸುವುದು ಸುಲಭವಾಗಲೆಂದು ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿರುತ್ತಾರೆ. ಅದರಿಂದ ಎಷ್ಟೋ ಕೊಹೊಗಳೂ ತಪ್ಪಿಸಿಕೊಂಡು ಹೋಗುತ್ತವೆ ಎನ್ನಿ.

ನಾನು ಮಾತಾಡಲಿಲ್ಲ, ಆದರೆ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಅಷ್ಟರಲ್ಲಿ ಕೊಲ್ಲಿಯ ಆಚೆ ದಡದಲ್ಲಿ ಕಂಡ ದೃಶ್ಯ ನನ್ನನ್ನು ಎಬ್ಬಿಸಿ ನಿಲ್ಲಿಸಿತು. ಒಂದು ಸಣ್ಣ ದೋಣಿ ಅರ್ಧ ಚಂದ್ರಾಕಾರವಾಗಿ ಬಲೆ ಬಿಡುತ್ತ ಹೋಗಿ ದಡಕ್ಕೆ ಬಂತು. ಎರಡೂ ತುದಿಗಳಲ್ಲಿ ಜನ ನಿಂತು ಹಗ್ಗ ಎಳೆಯತೊಡಗಿದರು. ನಮ್ಮ ಕೈರಂಪಣಿ! ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಅದೇ ಬಲೆ, ಬೆನ್ನು ಬಾಗಿಸಿ ಹಿಂದಕ್ಕೆ ಹೆಜ್ಜೆ ಇಡುವ ಅದೇ ರೀತಿ. ಬಲೆ ದಡದ ಹತ್ತಿರ ಬಂದಾಗ ಅವರು ಮೊಣಕಾಲು ನೀರಿನಲ್ಲಿ ನಿಂತು, ಚಮ್‌ಗಳನ್ನು ಒಂದೊಂದಾಗಿ ಎತ್ತಿ ಹೊರಗೆ ಬಿಡುತ್ತಿದ್ದರು. ಗಿಡ್ಡ ಕಣ್ಣಿನ ಬೀಡುಬಲೆಗೆ ಸಿಕ್ಕಿದ ಮೀನು ಕಿವಿರು ಹರಿದು ಸಾಯುತ್ತದೆ. ದಡಕ್ಕೆಳೆಯುವ ಬಲೆಯಲ್ಲಾದರೆ ಜೀವಂತವಾಗಿ ಆರಿಸಬಹುದು.

ಅವರು ಅಲ್ಲಿನ ಮೂಲನಿವಾಸಿಗಳು. 1855ರಲ್ಲಿ ಅವರ ಹಿರಿಯರು ಪಾಯಿಂಟ್ ನೋ ಪಾಯಿಂಟ್ ಎಂಬಲ್ಲಿ, ನಾವು ಫೆರಿಯಿಂದ ಇಳಿದ ಊರಿನಿಂದ ಅಷ್ಟೇನೂ ದೂರವಲ್ಲ, ಸರಕಾರದೊಡನೆ ಒಪ್ಪಂದಕ್ಕೆ ಸಹಿ ಹಾಕಿ ನೆಲ ಬಿಟ್ಟುಕೊಟ್ಟರು. ಮೀನು ಹಿಡಿಯುವ ಹಕ್ಕನ್ನು ಮಾತ್ರ ಉಳಿಸಿಕೊಂಡರು. ಕಾಗದದಲ್ಲಿ ಹಕ್ಕು ಇದ್ದರೂ ಹೊಳೆಗಿಳಿದವರನ್ನು ಪೋಲೀಸರು ಹಿಡಿಯುತ್ತಿದ್ದರು. ನಿಸ್ಕ್ವಾಲಿ ಪಂಗಡದ ಬಿಲ್ಲಿ ಫ್ರಾಂಕ್ ಜೂನಿಯರ್ ತಮ್ಮ 14ನೇ ವಯಸ್ಸಿನಲ್ಲಿ ಮೊದಲ ಬಾರಿ ಬಂಧಿತರಾಗಿ, ಆಮೇಲೆ 50ಕ್ಕೂ ಹೆಚ್ಚು ಸಲ ಜೈಲು ಕಂಡವರು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಅವರು ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಈ ಪಂಗಡಗಳಿಗೆ ಸೇರಬೇಕೆಂದು ತೀರ್ಪು ಕೊಟ್ಟರು. ನಮ್ಮ ರಂಪಣಿಯವರಿಗೂ ಯಾರಾದರೂ ಹಿಂದೆಯೇ ಇಂಥ ಒಂದು ಕಾಗದ ಬರೆದುಕೊಟ್ಟಿದ್ದರೆ ಎಂದುಕೊಂಡೆ. ಅಪ್ಪನ ಬಾಯಿಂದ ಆ ಮಾತು ಬರುತ್ತಿರಲಿಲ್ಲವೇನೋ.

ಹತ್ತು ಗಂಟೆಯೊಳಗೆ ತಮ್ಮನಿಗೆ ಎರಡು ಕೊಹೊ ಸಿಕ್ಕವು. ಮೀನನ್ನು ತಣಿಸುವ ಮೊದಲೇ ಜೇಬಿನಿಂದ ಕಾರ್ಡು ತೆಗೆದು ತಾರೀಕು, ಜಾಗ, ಜಾತಿ ಬರೆದ. ಹಿಡಿದ ಒಂದೊಂದು ಸಾಲ್ಮನ್ನಿನ ಲೆಕ್ಕವನ್ನೂ ಹೀಗೆ ಒಪ್ಪಿಸಬೇಕಂತೆ.

ಆಮೇಲೆ ಸ್ವಲ್ಪ ದೂರ ಹೊಳೆಯ ದಂಡೆಯಲ್ಲಿ ನಡೆದೆವು. ಮೊಣಕಾಲುದ್ದದ ತಿಳಿನೀರಿನಲ್ಲಿ ಚಮ್‌ಗಳು ಜಲ್ಲಿ ಕೆದರುತ್ತಿದ್ದವು. ಬಾಲದ ರೆಕ್ಕೆ ಸವೆದು ಬೆಳ್ಳಗಾಗಿತ್ತು. ಪಕ್ಕದಲ್ಲೇ ಕೆಲಸ ಮುಗಿಸಿ ಸತ್ತವು ಅಡ್ಡ ಬಿದ್ದಿದ್ದವು. ಬೆಳಿಗ್ಗೆ ಬಿಟ್ಟ ಮೀನು ಇವುಗಳಲ್ಲಿ ಯಾವುದೋ ಒಂದರ ಹಿಂದೆ ಬಂದು ಸೇರುತ್ತದೆ ಎಂದು ತಮ್ಮ ಹೇಳಿದ. ಮೊದಲ ಮಳೆಗೆ ಗದ್ದೆಯ ನೀರಿಗೆ ಹತ್ತಿ ಬರುವ ಉಬೆರ್ ಮೀನುಗಳ ನೆನಪಾಯಿತು. ಅವನ್ನು ಕತ್ತಿಯಲ್ಲಿ ಕಡಿದು ಬುಟ್ಟಿ ತುಂಬಿಸುತ್ತಿದ್ದೆವು. ಅವೂ ಮೊಟ್ಟೆ ಇಡಲೆಂದೇ ಬಂದವು ಎಂದು ಆಗ ಯಾರು ಯೋಚಿಸಿದ್ದೆವು?

ಹಿಂತಿರುಗುವಾಗ ಮಳೆ ಹನಿಯಿತು. ಕಾರು ಓಡಿಸುತ್ತ ತಮ್ಮ ಇನ್ನೊಂದು ಸಂಗತಿ ಹೇಳಿದ. ಸಿಯಾಟಲ್ ನಗರದೊಳಗಿನ ತೊರೆಗಳಿಗೆ ಬಂದ ಕೊಹೊಗಳು ಮಳೆ ಬಂದ ಕೂಡಲೇ, ಮೊಟ್ಟೆ ಇಡುವ ಮೊದಲೇ, ಬಾಯಿ ತೆರೆದು ಸಾಯುತ್ತಿದ್ದವಂತೆ. ವರ್ಷಗಟ್ಟಲೆ ಹುಡುಕಿ 2020ರಲ್ಲಿ ಕಾರಣ ಕಂಡುಹಿಡಿದರು. ಕಾರಿನ ಟಯರು ಬೇಗ ಬಿರಿಯದಿರಲೆಂದು ಬೆರೆಸುವ ಒಂದು ರಾಸಾಯನಿಕ ಗಾಳಿಯ ಓಝೋನ್ ಸೇರಿ ವಿಷವಾಗುತ್ತದೆ. ಟಯರು ಸವೆದ ಪುಡಿಯೊಡನೆ ಮಳೆನೀರಿನಲ್ಲಿ ತೊರೆಗೆ ಹರಿಯುತ್ತದೆ. ವಿಚಿತ್ರವೆಂದರೆ ಅದೇ ನೀರಿನಲ್ಲಿ ಚಮ್‌ಗೆ ಏನೂ ಆಗುವುದಿಲ್ಲ, ಕೊಹೊ ಗಂಟೆಗಳಲ್ಲಿ ಸಾಯುತ್ತದೆ. ರಸ್ತೆಯ ನೀರನ್ನು ಮಣ್ಣು ಗೊಬ್ಬರದ ಪದರದಲ್ಲಿ ಸೋಸಿ ಬಿಟ್ಟರೆ ಬದುಕುತ್ತದಂತೆ. ನಾವಿಬ್ಬರೂ ಕೊಹೊ ಹಿಡಿಯಲು ಅಷ್ಟು ದೂರ ಟಯರು ಸವೆಸಿಕೊಂಡು ಹೋಗಿ ಬರುತ್ತಿದ್ದೇವೆ ಎಂಬುದು ಇಬ್ಬರಿಗೂ ಹೊಳೆಯಿತು. ಫೆರಿಯ ತನಕ ಮಾತಿಲ್ಲ.

ಅಡುಗೆಯ ಮಾತು ಹೇಳದಿದ್ದರೆ ನಮ್ಮ ಓದುಗ ಸೋದರಿಯರು ಬಿಡುವುದಿಲ್ಲ. ಕೊಹೊ ಮಾಂಸ ಕಿತ್ತಳೆ ಬಣ್ಣ, ಪದರಪದರವಾಗಿ ಬಿಡುತ್ತದೆ. ಪುಳಿಮುಂಚಿಯಲ್ಲಿ ಕುದಿಸಿದರೆ ಒಡೆದು ಹೋಗುತ್ತದೆ. ಅಂಜಲಿನಂತೆ ದಪ್ಪ ತುಂಡು ಮಾಡಿ, ಬ್ಯಾಡಗಿ ಮೆಣಸು, ಹುಣಿಸೆ, ಬೆಳ್ಳುಳ್ಳಿ ಅರೆದು ಸವರಿ, ಎಣ್ಣೆ ಕಡಿಮೆ ಹಾಕಿ ಕಾವಲಿಯಲ್ಲಿ ಹುರಿಯಬೇಕು. ಮೀನೇ ಎಣ್ಣೆ ಬಿಡುತ್ತದೆ. ತಲೆಗಳನ್ನು ಮಾತ್ರ ಕಾಯಿ ಹಾಕಿ ಸಾರು ಮಾಡಿದೆ.

ಊಟಕ್ಕೆ ಕೂತಾಗ ತಮ್ಮ ಕೇಳಿದ, “ಅಪ್ಪ ಇದ್ದಿದ್ದರೆ ಬೈಯುತ್ತಿದ್ದರಾ ಅಕ್ಕ?”

“ಬೈಯುತ್ತಿದ್ದರು” ಎಂದೆ. “ಹೇಳದೆ ಇದ್ದದ್ದಕ್ಕೆ.”

ಅವನು ತಲೆ ತಗ್ಗಿಸಿ ಅನ್ನ ಕಲಸಿದ. ಅವನ ಹೆಂಡತಿ ಸಾರಿನ ಪಾತ್ರೆ ತಂದು, ತಲೆ ಯಾರಿಗೆ ಬಡಿಸಲಿ ಎಂದು ಕೇಳಿದಳು. ನಮ್ಮ ಮನೆಯಲ್ಲಿ ಮೀನಿನ ತಲೆ ಯಾವಾಗಲೂ ಹಿರಿಯರಿಗೆ. ತಮ್ಮ ನನ್ನ ತಟ್ಟೆ ತೋರಿಸಿದ.