ಕಿಯಾರಿ ವಿರೂಪತೆ

ಕಿಯಾರಿ ವಿರೂಪತೆಯು ಹಿಮ್ಮೆದುಳಿನ ಭಾಗಗಳು ತಲೆಬುರುಡೆಯ ತಳದಲ್ಲಿರುವ ದೊಡ್ಡ ರಂಧ್ರದ ಮೂಲಕ ಕತ್ತಿನೊಳಕ್ಕೆ ಇಳಿದಿರುವ ರಚನಾದೋಷವಾಗಿದೆ. ಇದು ಸಾಮಾನ್ಯವಾಗಿ ಜನ್ಮಜಾತವಾದುದು. ಉಸಿರಾಟ ಹಾಗೂ ನುಂಗುವಿಕೆಯನ್ನು ನಿಯಂತ್ರಿಸುವ ಮೆದುಳಿನ ಕಾಂಡವು ಇದೇ ಇಕ್ಕಟ್ಟಿನ ಜಾಗದಲ್ಲಿರುವುದರಿಂದ ಕೆಲವು ಶಿಶುಗಳಿಗೆ ಇದು ಪ್ರಾಣಾಪಾಯಕಾರಿಯಾಗಬಲ್ಲದು. ಇನ್ನು ಕೆಲವರಲ್ಲಿ ಜೀವನಪರ್ಯಂತ ಯಾವ ತೊಂದರೆಯೂ ಕಾಣಿಸುವುದಿಲ್ಲ. ಆಸ್ಟ್ರಿಯಾದ ರೋಗವಿಜ್ಞಾನಿ ಹ್ಯಾನ್ಸ್ ಕಿಯಾರಿ ಅವರು ಪ್ರಾಗ್ ನಗರದಲ್ಲಿದ್ದಾಗ 1891ರಲ್ಲಿ ಇದರ ವಿಧಗಳನ್ನು ವಿವರಿಸಿದರು.

ವಿಧಗಳು

ಮೊದಲನೆಯ ವಿಧದಲ್ಲಿ ಕಿರುಮೆದುಳಿನ ಕೆಳತುದಿಗಳು ಮಾತ್ರ ಇಳಿದಿರುತ್ತವೆ. ಎರಡನೆಯ ವಿಧದಲ್ಲಿ ಕಿರುಮೆದುಳಿನ ಮಧ್ಯಭಾಗ ಮತ್ತು ಮೆದುಳಿನ ಕಾಂಡವೂ ಕೆಳಗೆ ಸರಿದಿರುತ್ತವೆ. ಬೆನ್ನುಹುರಿ ತೆರೆದುಕೊಂಡೇ ಉಳಿಯುವ ಸ್ಪೈನಾ ಬೈಫಿಡಾ ದೋಷದೊಂದಿಗೆ ಹುಟ್ಟಿದ ಮಕ್ಕಳಲ್ಲಿ ಇದು ಕಂಡುಬರುತ್ತದೆ. ಮೂರನೆಯ ವಿಧವು ಅತಿ ವಿರಳ. ಇದರಲ್ಲಿ ಹಿಮ್ಮೆದುಳಿನ ಅಂಗಾಂಶವು ಮೂಳೆಯ ತೆರಪಿನಿಂದ ಚೀಲದಂತೆ ಹೊರಚಾಚಿರುತ್ತದೆ.

ಲಕ್ಷಣಗಳು

ಶಿಶುಗಳಲ್ಲಿ ಹಾಲು ನುಂಗಲು ಕಷ್ಟ, ಕ್ಷೀಣವಾದ ಅಳು, ಉಸಿರೆಳೆಯುವಾಗ ಕರ್ಕಶ ಶಬ್ದ ಮತ್ತು ಆಗಾಗ ಉಸಿರು ನಿಲ್ಲುವುದು ಮುಖ್ಯ ಲಕ್ಷಣಗಳು. ಇವು ಕಂಡೊಡನೆ ತುರ್ತು ಚಿಕಿತ್ಸೆ ಅಗತ್ಯ. ದೊಡ್ಡ ಮಕ್ಕಳಲ್ಲಿ ಕೆಮ್ಮಿದಾಗ ಅಥವಾ ಮುಕ್ಕಿದಾಗ ತಲೆಯ ಹಿಂಭಾಗದಲ್ಲಿ ನೋವು ಹೆಚ್ಚುತ್ತದೆ. ಬೆನ್ನುಹುರಿಯೊಳಗೆ ದ್ರವ ತುಂಬಿದ ಕುಹರ ಉಂಟಾದರೆ ಕೈಗಳ ದೌರ್ಬಲ್ಯ, ಸ್ಪರ್ಶಜ್ಞಾನದ ಕುಂದು ಹಾಗೂ ಬೆನ್ನುಮೂಳೆಯ ಓರೆ ಬಾಗುವಿಕೆ ಕಾಣಿಸಿಕೊಳ್ಳಬಹುದು.

ರೋಗನಿರ್ಣಯ

ಎಂ.ಆರ್.ಐ. ಚಿತ್ರಣವು ಪ್ರಧಾನ ಪರೀಕ್ಷೆ. ಕಿರುಮೆದುಳಿನ ತುದಿಗಳು ರಂಧ್ರದ ಅಂಚಿನಿಂದ 5 ಮಿಲಿಮೀಟರ್ ಅಥವಾ ಹೆಚ್ಚು ಕೆಳಗಿದ್ದರೆ ಸಾಮಾನ್ಯವಾಗಿ ಮೊದಲನೆಯ ವಿಧವೆಂದು ಪರಿಗಣಿಸಲಾಗುತ್ತದೆ. ಆದರೆ ಈ ಅಳತೆಯೊಂದೇ ಚಿಕಿತ್ಸೆಯನ್ನು ನಿರ್ಧರಿಸುವುದಿಲ್ಲ. ಬೇರೆ ಕಾರಣಕ್ಕೆ ತೆಗೆಸಿದ ಚಿತ್ರದಲ್ಲಿ ಇದು ಆಕಸ್ಮಿಕವಾಗಿ ಪತ್ತೆಯಾಗುವುದುಂಟು. ಆದುದರಿಂದ ಮಗುವಿನ ಲಕ್ಷಣಗಳು, ಬೆನ್ನುಹುರಿಯ ಸ್ಥಿತಿ ಮತ್ತು ಮೆದುಳಿನ ಸುತ್ತಲಿನ ದ್ರವದ ಹರಿವನ್ನು ಒಟ್ಟಾಗಿ ಪರಿಶೀಲಿಸಲಾಗುತ್ತದೆ. ಎರಡನೆಯ ವಿಧದ ಸುಳಿವು ಗರ್ಭಾವಸ್ಥೆಯ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿಯೇ ದೊರೆಯಬಹುದು. ಆಗ ಭ್ರೂಣದ ಕಿರುಮೆದುಳು ಬಾಳೆಹಣ್ಣಿನಂತೆ ಬಾಗಿರುತ್ತದೆ.

ಚಿಕಿತ್ಸೆ

ಲಕ್ಷಣಗಳಾಗಲಿ ಬೆನ್ನುಹುರಿಯ ಕುಹರವಾಗಲಿ ಇಲ್ಲದ ಮಕ್ಕಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ನಿಗಾ ವಹಿಸಿದರೆ ಸಾಕು. ತೊಂದರೆ ಇರುವವರಲ್ಲಿ ತಲೆಬುರುಡೆಯ ಹಿಂಭಾಗದ ಸ್ವಲ್ಪ ಮೂಳೆಯನ್ನೂ, ಅನೇಕ ವೇಳೆ ಕತ್ತಿನ ಮೊದಲ ಕಶೇರುಮಣಿಯ ಹಿಂಬದಿಯನ್ನೂ ತೆಗೆದು ಒತ್ತಡವನ್ನು ತಗ್ಗಿಸಲಾಗುತ್ತದೆ. ಅಗತ್ಯವಿದ್ದಲ್ಲಿ ಮೆದುಳಿನ ಹೊರಪೊರೆಯನ್ನು ತೆರೆದು, ತೇಪೆ ಹಾಕಿ ಹಿಗ್ಗಿಸಲಾಗುತ್ತದೆ. ಇದರ ಉದ್ದೇಶ ದ್ರವದ ಸರಾಗ ಹರಿವನ್ನು ಮರಳಿ ತರುವುದು.

ಎರಡನೆಯ ವಿಧದ ಮಕ್ಕಳಲ್ಲಿ ಅನೇಕರಿಗೆ ಮೆದುಳಿನಲ್ಲಿ ದ್ರವ ಶೇಖರಗೊಳ್ಳುವ ಜಲಮಸ್ತಿಷ್ಕವೂ ಇದ್ದು, ದ್ರವವನ್ನು ಹೊಟ್ಟೆಯೊಳಕ್ಕೆ ಹರಿಸುವ ಶಂಟ್ ಕೊಳವೆಯನ್ನು ಅಳವಡಿಸಲಾಗಿರುತ್ತದೆ. ಇಂತಹ ಮಗುವಿಗೆ ಉಸಿರಾಟದ ತೊಂದರೆ ಉಂಟಾದಾಗ ಮೊದಲು ಶಂಟ್ ಕೆಲಸ ಮಾಡುತ್ತಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಅದನ್ನು ಸರಿಪಡಿಸುವುದರಿಂದಲೇ ಲಕ್ಷಣಗಳು ತಗ್ಗಬಹುದು.

ತಡೆಗಟ್ಟುವಿಕೆ

ಗರ್ಭಧಾರಣೆಗೆ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸುವುದು ಸ್ಪೈನಾ ಬೈಫಿಡಾದ ಸಂಭವವನ್ನೂ, ತನ್ಮೂಲಕ ಎರಡನೆಯ ವಿಧದ ಸಂಭವವನ್ನೂ ಕಡಿಮೆ ಮಾಡುತ್ತದೆ. ಬೆನ್ನಿನ ದೋಷವನ್ನು ಗರ್ಭದಲ್ಲಿಯೇ ಮುಚ್ಚುವ ಶಸ್ತ್ರಚಿಕಿತ್ಸೆಯಿಂದ ಹಿಮ್ಮೆದುಳಿನ ಇಳಿತ ತಗ್ಗುತ್ತದೆ ಎಂದು 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವು ತೋರಿಸಿತು. ಆದರೆ ಇದರಲ್ಲಿ ಅವಧಿಪೂರ್ವ ಹೆರಿಗೆಯ ಅಪಾಯವೂ ಇದೆ.