ನಿಮಗಿದು ಗೊತ್ತೇ? ಬೆರಳ ತುದಿಯ ಓದು, ಬಿಳಿ ಕೋಲಿನ ನಡಿಗೆ

ಅಂಧರು ಮುಟ್ಟಿ ಓದುವ ಬ್ರೈಲ್ ಲಿಪಿಗೆ ಆಧಾರ ಆರೇ ಚುಕ್ಕಿ. ಉದ್ದಕ್ಕೆ ಮೂರು, ಅಗಲಕ್ಕೆ ಎರಡು. ಯಾವ ಚುಕ್ಕಿ ಉಬ್ಬಿದೆ, ಯಾವುದು ಇಲ್ಲ ಎಂಬುದರಿಂದ 63 ಗುರುತುಗಳು ಸಿಗುತ್ತವೆ. ಅಕ್ಷರ, ಅಂಕಿ, ಗಣಿತ, ಸಂಗೀತ ಎಲ್ಲವೂ ಇಷ್ಟರಲ್ಲೇ ಆಗಬೇಕು. ಆಗುತ್ತದೆ ಕೂಡ.

ಇದನ್ನು ರೂಪಿಸಿದಾಗ ಲೂಯಿ ಬ್ರೈಲ್‌ಗೆ 15 ವರ್ಷ! ಪ್ಯಾರಿಸ್ ಸಮೀಪದ ಹಳ್ಳಿಯೊಂದರಲ್ಲಿ 1809ರಲ್ಲಿ ಹುಟ್ಟಿದ ಹುಡುಗ. ಅಪ್ಪ ಕುದುರೆ ಜೀನು ಹೊಲಿಯುವವನು. ಚರ್ಮಕ್ಕೆ ತೂತು ಕೊರೆಯುವ ಚೂಪು ಹತಾರ ಹಿಡಿದು ಆಡುವಾಗ ಮೂರು ವರ್ಷದ ಮಗುವಿನ ಕಣ್ಣಿಗೆ ಚುಚ್ಚಿತು. ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿ ಎರಡೂ ಹೋದವು. ಮುಂದೆ ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಷಾರ್ಲ್ ಬಾರ್ಬಿಯೆ ಎಂಬಾತನ 12 ಚುಕ್ಕಿಗಳ ಲಿಪಿ ಅವನ ಕೈಗೆ ಸಿಕ್ಕಿತು. ಅಷ್ಟು ಚುಕ್ಕಿ ಒಂದೇ ಸ್ಪರ್ಶಕ್ಕೆ ನಿಲುಕುತ್ತಿರಲಿಲ್ಲ. ಅವನು ಆರಕ್ಕೆ ಇಳಿಸಿದ. ಸಂಕಟದ ಸಂಗತಿಯೆಂದರೆ, ಅದೇ ಶಾಲೆ ಈ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ಬ್ರೈಲ್ ತೀರಿಕೊಂಡು ಎರಡು ವರ್ಷವಾಗಿತ್ತು.

ಕನ್ನಡಕ್ಕೂ ಬ್ರೈಲ್ ಇದೆ. ಭಾರತಿ ಬ್ರೈಲ್ ಎಂಬ ಏರ್ಪಾಡಿನಲ್ಲಿ ಕನ್ನಡದ ‘ಕ’, ಹಿಂದಿಯ ‘ಕ’, ತಮಿಳಿನ ‘ಕ’ ಮೂರಕ್ಕೂ ಒಂದೇ ಗುರುತು. ಅದರಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಎಲ್ಲವೂ ಒಂದೇ ಸಾಲಿನಲ್ಲಿ ಸಾಗಬೇಕು. ‘ಅಕ್ಕ’ ಎಂದು ಬರೆಯಲು ಮೊದಲು ‘ಅ’, ಆಮೇಲೆ ಸ್ವರವಿಲ್ಲ ಎಂದು ಸೂಚಿಸುವ ಒಂಟಿ ಚುಕ್ಕಿ, ಬಳಿಕ ‘ಕ’, ಮತ್ತೊಂದು ‘ಕ’. ಕೈಯಿಂದ ಬರೆಯುವವರು ಕಾಗದದ ಹಿಂಬದಿಯಿಂದ ಮೊಳೆಯಂಥ ಕಡ್ಡಿಯಲ್ಲಿ ಒತ್ತುತ್ತಾರೆ. ಹಾಗಾಗಿ ಬರೆಯುವುದು ಬಲದಿಂದ ಎಡಕ್ಕೆ, ಪ್ರತಿ ಅಕ್ಷರವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಹಾಳೆ ಮಗುಚಿದರೆ ಓದು ಎಡದಿಂದ ಬಲಕ್ಕೆ. ಪುಟ್ಟ ಮಕ್ಕಳು ಇದನ್ನು ಸರಾಗವಾಗಿ ಮಾಡುತ್ತಾರೆ.

ಅಂಧರ ಬಿಳಿ ಕೋಲು ಊರುಗೋಲಲ್ಲ. ಭಾರ ಹಾಕಲು ಅಲ್ಲ, ದಾರಿ ತಿಳಿಯಲು. ಭುಜದಗಲಕ್ಕಿಂತ ತುಸು ಹೆಚ್ಚು ಅಗಲಕ್ಕೆ ಅದನ್ನು ಆಡಿಸುತ್ತಾರೆ. ಎಡಗಾಲು ಮುಂದೆ ಹೋಗುವಾಗ ಕೋಲಿನ ತುದಿ ಬಲಕ್ಕೆ ತಾಗುತ್ತದೆ, ಅಂದರೆ ಬಲಗಾಲು ಊರಲಿರುವ ಜಾಗದ ಪರೀಕ್ಷೆ ಮೊದಲೇ ಮುಗಿದಿರುತ್ತದೆ. ಟಾರಿನ ಸದ್ದು ಬೇರೆ, ಮಣ್ಣಿನದು ಬೇರೆ, ಚರಂಡಿ ಮೇಲಿನ ಚಪ್ಪಡಿಯದು ಬೇರೆ. ಸೊಂಟದ ಮೇಲಿನದು ಮಾತ್ರ ಕೋಲಿಗೆ ತಿಳಿಯದು: ಬಾಗಿದ ಕೊಂಬೆ, ರಸ್ತೆಗೆ ತೆರೆದ ಕಿಟಕಿ, ಲಾರಿಯಿಂದ ಹೊರಚಾಚಿದ ಕಬ್ಬಿಣ. ಅದಕ್ಕೆಂದೇ ದೆಹಲಿ ಐಐಟಿಯಲ್ಲಿ ರೂಪುಗೊಂಡ ಸ್ಮಾರ್ಟ್‌ಕೇನ್, ಕಿವಿಗೆ ಕೇಳದ ಶಬ್ದತರಂಗ ಕಳಿಸಿ, ಮೂರು ಮೀಟರ್‌ ದೂರದ ಅಡ್ಡಿಯನ್ನು ಹಿಡಿಕೆಯ ಕಂಪನದಿಂದ ತಿಳಿಸುತ್ತದೆ.

ಸಹಾಯ ಮಾಡುವ ಆಸೆಯಿಂದ ಕೋಲು ಹಿಡಿದೆಳೆಯಬೇಡಿ, ಬೆನ್ನು ತಳ್ಳಬೇಡಿ. ಬೇಕೇ ಎಂದು ಕೇಳಿ. ಬೇಕೆಂದರೆ ನಿಮ್ಮ ಮೊಣಕೈ ಅವರಿಗೆ ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಿರಿ.

ಮೆಟ್ರೊ ನಿಲ್ದಾಣದ ಹಳದಿ ಉಬ್ಬು ಟೈಲ್ಸ್ ಅಲಂಕಾರವಲ್ಲ! ಜಪಾನಿನ ಸೇಯಿಚಿ ಮಿಯಾಕೆ ರೂಪಿಸಿದ ಇವನ್ನು 1967ರಲ್ಲಿ ಒಕಯಾಮಾದ ಅಂಧರ ಶಾಲೆಯ ಬಳಿ ಮೊದಲು ಹಾಸಿದರು. ಉದ್ದ ಪಟ್ಟಿ ಎಂದರೆ ಮುಂದೆ ನಡೆ. ದುಂಡು ಗುಬುಟು ಎಂದರೆ ನಿಲ್ಲು, ಎಚ್ಚರ. ಫುಟ್‌ಪಾತಿನಲ್ಲಿ ಅದರ ಮೇಲೆ ಬೈಕು ನಿಲ್ಲಿಸುವವರು ಒಬ್ಬರ ರಸ್ತೆಯನ್ನೇ ಮುಚ್ಚಿದಂತೆ.

20 ರೂಪಾಯಿ ನಾಣ್ಯಕ್ಕೆ 12 ಮೂಲೆಗಳಿವೆ, ಬೆರಳಿಗೆ ಥಟ್ಟನೆ ಗುರುತು ಸಿಗುತ್ತದೆ. 100ರ ನೋಟಿನ ಅಂಚಿನಲ್ಲಿ ನಾಲ್ಕು ಉಬ್ಬುಗೆರೆ, 500ರದ್ದರಲ್ಲಿ ಐದು. ನೋಟು ಹಳತಾದರೆ ಗೆರೆಯೂ ಸವೆಯುತ್ತದೆ.

ಅಂಧತ್ವ ಎಂದರೆ ಪೂರ್ತಿ ಕತ್ತಲೆಂದು ತಿಳಿಯಬೇಡಿ. ಸಾಮಾನ್ಯ ಕಣ್ಣಿಗೆ 60 ಮೀಟರ್‌ನಿಂದ ಕಾಣುವುದು 3 ಮೀಟರ್‌ನಿಂದಲೂ ಕಾಣದಿದ್ದರೆ ನಮ್ಮ ಕಾನೂನು ಅದನ್ನು ಅಂಧತ್ವ ಎನ್ನುತ್ತದೆ. ಬೆಳಕು, ನೆರಳು, ಆಕಾರ ಕಾಣುವವರು ಬಹಳ ಮಂದಿ. ಕೋಲು ಹಿಡಿದವರು ಮೊಬೈಲ್ ನೋಡಿದರೆ ಅದು ನಾಟಕವಲ್ಲ.

ನಿಮ್ಮ ಕಣ್ಣಲ್ಲೂ ಏನೂ ಕಾಣದ ಒಂದು ಜಾಗವಿದೆ. ಎರಡೂ ಕೈ ಚಾಚಿ ಹೆಬ್ಬೆರಳುಗಳನ್ನು ಜೋಡಿಸಿ ನಿಲ್ಲಿಸಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ನೋಡುತ್ತ ಬಲಗೈಯನ್ನು ಮೆಲ್ಲಗೆ ಬಲಕ್ಕೆ ಸರಿಸಿ. ಗೇಣಿನಷ್ಟು ದೂರ ಹೋಗುವ ಮೊದಲೇ ಬಲ ಹೆಬ್ಬೆರಳ ತುದಿ ಮಾಯ! ಕಣ್ಣಿನಿಂದ ಮಿದುಳಿಗೆ ನರ ಹೊರಡುವ ಆ ತಾಣದಲ್ಲಿ ಬೆಳಕು ಹಿಡಿಯುವ ಜೀವಕೋಶಗಳೇ ಇಲ್ಲ.

ಕಣ್ಣಿನ ಮುಂಭಾಗದ ಕಾರ್ನಿಯಾ ಅರ್ಧ ಮಿಲಿಮೀಟರ್ ದಪ್ಪದ ಪಾರದರ್ಶಕ ಪೊರೆ. ಅದರಲ್ಲಿ ರಕ್ತನಾಳವಿಲ್ಲ, ಆಮ್ಲಜನಕ ಬಹುಪಾಲು ಹೊರಗಿನ ಗಾಳಿಯಿಂದಲೇ. ನೇತ್ರದಾನದಲ್ಲಿ ಕಸಿಯಾಗುವುದು ಇಡೀ ಕಣ್ಣಲ್ಲ, ಈ ಪೊರೆ. 2021ರಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಕಾರ್ನಿಯಾಗಳನ್ನು ಪದರ ಬಿಡಿಸಿ ಬೆಂಗಳೂರಿನಲ್ಲಿ ನಾಲ್ವರಿಗೆ ಕಸಿ ಮಾಡಿದರು. ಮಧುಮೇಹ, ಕನ್ನಡಕ, ಕ್ಯಾಟರ್ಯಾಕ್ಟ್ ಆಪರೇಷನ್ ಯಾವುದೂ ದಾನಕ್ಕೆ ಅಡ್ಡಿಯಲ್ಲ. ಸಾವಿನ ಬಳಿಕ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಆದ್ದರಿಂದ ಮನೆಯವರು ತಡಮಾಡದೆ ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು. ಬ್ಯಾಂಕಿನವರು ಬರುವ ತನಕ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆಯಡಿ ದಿಂಬು ಕೊಡಿ, ಫ್ಯಾನ್ ಆರಿಸಿ.